ಜನರಲ್ ನೇಪಿಯರ್ ಹೇಳದ ಮಾತು, ಬರೆದ ಮಾತು

ಚಾರ್ಲ್ಸ್ ಜೇಮ್ಸ್ ನೇಪಿಯರ್ ಎಂಬ ಬ್ರಿಟಿಷ್ ಜನರಲ್‌ನ ಜೀವನವನ್ನು ಓದಿದವರು ನಮ್ಮಲ್ಲಿ ಬೆರಳೆಣಿಕೆಯಷ್ಟು. ಅವನ ಹೆಸರಿಗೆ ಅಂಟಿಕೊಂಡ ಎರಡು ಮಾತುಗಳು ಮಾತ್ರ ಇತಿಹಾಸದ ಗಂಧಗಾಳಿ ಇಲ್ಲದವರ ಬಾಯಲ್ಲೂ ಇವೆ. ಒಂದನ್ನು ರಸಪ್ರಶ್ನೆಯವರು ಬಳಸುತ್ತಾರೆ, ಇನ್ನೊಂದನ್ನು ಭಾಷಣಕಾರರು. ಈ ಎರಡನೆಯದರ ಬಗ್ಗೆ ನನಗೆ ಬಹಳ ದಿನದಿಂದ ತಕರಾರಿದೆ. ಕಾಲೇಜುಗಳ ಚರ್ಚಾಸ್ಪರ್ಧೆಯಲ್ಲಿ ತೀರ್ಪು ಕೊಡಲು ಕೂತಾಗಲೆಲ್ಲ, ಸಂಪ್ರದಾಯ ಮತ್ತು ಕಾನೂನು ಎಂಬ ವಿಷಯ ಬಂತೆಂದರೆ ಸಾಕು, ಯಾರಾದರೊಬ್ಬರು ಎದ್ದು ನೇಪಿಯರ್‌ನನ್ನು ಕರೆತರುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಅಲ್ಲಿಗೆ ವಾದ ಮುಗಿಯುತ್ತದೆ. ವಾದ ಅಲ್ಲಿ ಮುಗಿಯಬಾರದು ಎಂಬುದೇ ನನ್ನ ವಾದ.

ಮೊದಲು ರಸಪ್ರಶ್ನೆಯವರ ಮಾತನ್ನು ಮುಗಿಸಿಬಿಡೋಣ. 1843ರಲ್ಲಿ ಸಿಂಧ್ ಗೆದ್ದ ನೇಪಿಯರ್ ತನ್ನ ಮೇಲಧಿಕಾರಿಗೆ ಒಂದೇ ಪದದ ಸಂದೇಶ ಕಳಿಸಿದ, ಆ ಪದ 'ಪೆಕ್ಕಾವಿ' ಎನ್ನುತ್ತಾರೆ. ಲ್ಯಾಟಿನ್‌ನಲ್ಲಿ ಅದರ ಅರ್ಥ 'ನಾನು ಪಾಪ ಮಾಡಿದ್ದೇನೆ' ಎಂದು. ಅದನ್ನೇ ಇಂಗ್ಲಿಷಿನಲ್ಲಿ 'ಐ ಹ್ಯಾವ್ ಸಿನ್ಡ್' ಎಂದರೆ 'ಸಿಂಧ್ ನನ್ನ ಕೈಲಿದೆ' ಎಂದೂ ಕೇಳಿಸುತ್ತದೆ. ಚಂದದ ಶ್ಲೇಷೆಯೇ. ಆದರೆ ಅದು ನೇಪಿಯರ್‌ನದಲ್ಲ. ಲಂಡನ್ನಿನ ಹಾಸ್ಯಪತ್ರಿಕೆ 'ಪಂಚ್' 1844ರ ಮೇ ತಿಂಗಳಲ್ಲಿ ಅಚ್ಚು ಹಾಕಿದ ಚಟಾಕಿ ಅದು. ಬರೆದು ಕಳಿಸಿದವಳು ಕ್ಯಾಥರೀನ್ ವಿಂಕ್‌ವರ್ತ್ ಎಂಬ ಹದಿಹರೆಯದ ಹುಡುಗಿ. ಮುಂದೆ ಜರ್ಮನ್ ಭಕ್ತಿಗೀತೆಗಳ ಅನುವಾದದಿಂದ ಹೆಸರಾದವಳು. ಕೆಲವರು ಈ ಸಂದೇಶವನ್ನು 'ತಂತಿ' ಎಂದೂ ಹೇಳುವುದುಂಟು. 1843ರ ಸಿಂಧ್‌ನಲ್ಲಿ ತಂತಿ ಕಂಬವೇ ಇರಲಿಲ್ಲ. ಹುಡುಗಿಯೊಬ್ಬಳು ಜನರಲ್‌ನನ್ನು ಅಣಕಿಸಿ ಬರೆದದ್ದು ಆಮೇಲೆ ಆ ಜನರಲ್‌ನ ಜಾಣ್ಮೆಯಾಗಿ ದಾಖಲಾಯಿತು. ಪಾಪವೆಂದು ಅವಳು ಚುಚ್ಚಿದಳು, ಪಾಪನಿವೇದನೆಯ ಪುಣ್ಯ ಅವನ ಖಾತೆಗೆ ಜಮೆಯಾಯಿತು.

ಈಗ ಎರಡನೆಯದು. ಸಿಂಧ್‌ನ ಗವರ್ನರ್ ಆಗಿದ್ದಾಗ ನೇಪಿಯರ್‌ನ ಮುಂದೆ ಕೆಲವು ಪುರೋಹಿತರು ಬಂದು, ಸತಿ ನಮ್ಮ ಪದ್ಧತಿ, ಅದಕ್ಕೆ ಕೈಹಾಕಬೇಡಿ ಎಂದರಂತೆ. ಆಗಲಿ ನಿಮ್ಮ ಪದ್ಧತಿ ನೀವು ನಡೆಸಿ, ಹೆಂಗಸರನ್ನು ಸುಟ್ಟವರನ್ನು ಗಲ್ಲಿಗೇರಿಸಿ ಆಸ್ತಿ ಮುಟ್ಟುಗೋಲು ಹಾಕಿಕೊಳ್ಳುವುದು ನಮ್ಮ ಪದ್ಧತಿ, ನಿಮ್ಮ ಚಿತೆಯ ಪಕ್ಕದಲ್ಲೇ ನಮ್ಮ ಬಡಗಿಗಳು ಗಲ್ಲುಗಂಬ ನಿಲ್ಲಿಸುತ್ತಾರೆ ಎಂಬ ಅರ್ಥ ಬರುವಂತೆ ಅವನು ಉತ್ತರ ಕೊಟ್ಟನಂತೆ. ಕೇಳಿದ ಕೂಡಲೇ ಯಾರ ಮನಸ್ಸೂ ಹೌದೆನ್ನುತ್ತದೆ. ನನ್ನದೂ ಎನ್ನುತ್ತದೆ. ಬದುಕಿರುವ ಹೆಣ್ಣನ್ನು ಬೆಂಕಿಗೆ ಹಾಕುವವರ ಎದುರು ನಿಂತು ಪದ್ಧತಿಗಳ ಬಹುತ್ವದ ಬಗ್ಗೆ ಉಪನ್ಯಾಸ ಕೊಡುವವರ ಸಾಲಿನಲ್ಲಿ ನಾನಿಲ್ಲ.

ಆದರೆ ಈ ಕತೆ ನಮಗೆ ಸಿಕ್ಕಿದ್ದು ಎಲ್ಲಿಂದ? 1851ರಲ್ಲಿ ಅವನ ತಮ್ಮ ವಿಲಿಯಂ ನೇಪಿಯರ್ ಸಿಂಧ್ ಆಡಳಿತದ ಬಗ್ಗೆ ಬರೆದ ಪುಸ್ತಕದಿಂದ. ಅಣ್ಣನ ಮೇಲೆ ಟೀಕೆಗಳ ಮಳೆ ಸುರಿಯುತ್ತಿದ್ದಾಗ ಅವನ ಪರ ವಕಾಲತ್ತು ವಹಿಸಲೆಂದೇ ಬರೆದ ಪುಸ್ತಕ ಅದು. ಕತೆಯಲ್ಲಿ ಆ ಪುರೋಹಿತರ ಹೆಸರಿಲ್ಲ. ಚಿತೆ ಏರಬೇಕಿದ್ದ ಹೆಂಗಸಿನ ಹೆಸರೂ ಇಲ್ಲ. ಅವಳು ಉಳಿದು ಎಲ್ಲಿಗೆ ಹೋದಳು, ಯಾರ ಮನೆಯ ಅನ್ನ ತಿಂದಳು ಎಂಬ ಒಂದು ವಾಕ್ಯವೂ ಇಲ್ಲ. ಇರುವುದು ಜನರಲ್‌ನ ಸಂಭಾಷಣೆ ಮಾತ್ರ. ಹೀಗೆ ಒಂದೂ ನಡೆದಿರಲಾರದು ಎಂದು ನಾನು ಹೇಳುತ್ತಿಲ್ಲ. ತಮ್ಮ ಹೇಳಿದ ಅಣ್ಣನ ಕತೆಯನ್ನು ನ್ಯಾಯಾಲಯದ ತೀರ್ಪಿನಂತೆ ಎತ್ತಿ ಹಿಡಿಯುವವರು, ಅದು ಎಂಥ ಸಾಕ್ಷಿ ಎಂದಾದರೂ ತಿಳಿದಿರಬೇಕು.

'ನಮ್ಮ ದೇಶದ ಪದ್ಧತಿ' ಎಂಬ ಮಾತನ್ನೂ ಸ್ವಲ್ಪ ತಿರುವಿ ನೋಡಬೇಕು. ನೇಪಿಯರ್ ಹುಟ್ಟಿದ್ದು 1782ರ ಆಗಸ್ಟಿನಲ್ಲಿ, ಲಂಡನ್ನಿನಲ್ಲಿ. ಆಗ ಇಂಗ್ಲೆಂಡಿನ ಕಾನೂನಿನಲ್ಲಿ ಗಂಡನನ್ನು ಕೊಂದ ಹೆಂಗಸಿಗೆ, ಖೋಟಾ ನಾಣ್ಯ ತಯಾರಿಸಿದ ಹೆಂಗಸಿಗೆ ಕಂಬಕ್ಕೆ ಕಟ್ಟಿ ಸುಡುವ ಶಿಕ್ಷೆಯಿತ್ತು. ಅದೇ ಖೋಟಾ ನಾಣ್ಯದ ಅಪರಾಧ ಮಾಡಿದ ಗಂಡಸಿಗೆ ನೇಣು. ಅಷ್ಟು ಹೊತ್ತಿಗೆ ಮೊದಲು ಕುತ್ತಿಗೆ ಬಿಗಿದು ಸಾಯಿಸಿ ಆಮೇಲೆ ಸುಡುವ ರೂಢಿ ಬಂದಿತ್ತು, ಅಷ್ಟೇ ದಯೆ. 1789ರ ಮಾರ್ಚಿನಲ್ಲಿ ಕ್ಯಾಥರೀನ್ ಮರ್ಫಿ ಎಂಬ ಹೆಂಗಸನ್ನು ಲಂಡನ್ನಿನ ನ್ಯೂಗೇಟ್ ಜೈಲಿನ ಮುಂದೆ ಹೀಗೆ ಸುಟ್ಟರು. ಆ ಶಿಕ್ಷೆಗೆ ಗುರಿಯಾದ ಕೊನೆಯವಳು ಅವಳು. ನೇಪಿಯರ್‌ಗೆ ಆಗ ಆರು ವರ್ಷ. ಮರುವರ್ಷ, 1790ರಲ್ಲಿ, ಪಾರ್ಲಿಮೆಂಟು ಕಾನೂನು ತಿದ್ದಿತು. ಹೆಂಗಸರನ್ನು ಸುಡುವುದು ಅನ್ಯಾಯ ಎಂಬ ತಿಳಿವಳಿಕೆ ಆ ದೇಶಕ್ಕೆ ತೊಟ್ಟಿಲಲ್ಲೇ ಬಂದದ್ದಲ್ಲ. ಜನ ವಾದ ಮಾಡಿ, ಮಸೂದೆ ತಂದು ಬದಲಿಸಿದ್ದು. ಅದೇ ಕೆಲಸವನ್ನು ಬಂಗಾಳದಲ್ಲಿ 1818ರಿಂದ ರಾಮಮೋಹನ ರಾಯರು ಮಾಡುತ್ತಿದ್ದರು. ಬೆಂಟಿಂಕ್ 1829ರ ಡಿಸೆಂಬರಿನಲ್ಲಿ ಸತಿ ನಿಷೇಧಿಸಿದಾಗ ಸಂಪ್ರದಾಯಸ್ಥರು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಮೇಲ್ಮನವಿ ಒಯ್ದರು. 1832ರಲ್ಲಿ ಅದು ತಿರಸ್ಕೃತವಾದಾಗ ರಾಯರು ಲಂಡನ್ನಿನಲ್ಲೇ ಇದ್ದರು. ಹದಿನಾಲ್ಕು ವರ್ಷ ಶಾಸ್ತ್ರ ಬಗೆದು, ಬೈಗುಳ ತಿಂದು ನಡೆಸಿದ ಆ ವಾದವನ್ನು ಚರ್ಚಾಸ್ಪರ್ಧೆಯಲ್ಲಿ ಯಾರೂ ಉದ್ಧರಿಸುವುದಿಲ್ಲ. ಅದರಲ್ಲಿ ಗಲ್ಲುಗಂಬ ಇಲ್ಲವಲ್ಲ.

ಇರಲಿ, ನೇಪಿಯರ್‌ನ ಬದುಕಿಗೆ ಬರೋಣ. ಅದು ಈ ಕತೆಗಿಂತ ಎಷ್ಟೋ ಪಾಲು ರೋಚಕ. ಬೆಳೆದದ್ದು ಐರ್ಲೆಂಡಿನಲ್ಲಿ. ಹನ್ನೊಂದು ಹನ್ನೆರಡರ ಹುಡುಗನಾಗಿದ್ದಾಗಲೇ, 1794ರಲ್ಲಿ, ಸೈನ್ಯದ ಅಧಿಕಾರಿಪಟ್ಟಿಗೆ ಹೆಸರು ಸೇರಿತು. 1809ರಲ್ಲಿ ಸ್ಪೇನಿನ ಕೊರುನ್ನಾದಲ್ಲಿ ಮೈತುಂಬ ಗಾಯವಾಗಿ ಫ್ರೆಂಚರ ಕೈಗೆ ಸಿಕ್ಕ. ಮರುವರ್ಷ ಬುಸಾಕೋದಲ್ಲಿ ಗುಂಡು ಮುಖಕ್ಕೆ ಹೊಕ್ಕು ದವಡೆ ಮುರಿಯಿತು. 1822ರಿಂದ ಗ್ರೀಸಿನ ಕೆಫಲೋನಿಯಾ ದ್ವೀಪದ ರೆಸಿಡೆಂಟ್ ಆಗಿ ರಸ್ತೆ ಕಡಿಸಿದ, ಬೈರನ್ ಕವಿಯ ಸ್ನೇಹ ಮಾಡಿದ, ಮೇಲಧಿಕಾರಿಯ ಜೊತೆ ಜಗಳವಾಡಿ ಕೆಲಸ ಬಿಟ್ಟ. ಮೇಲಧಿಕಾರಿಯ ಜೊತೆ ಜಗಳ ಎಂಬುದು ಅವನ ವೃತ್ತಿಜೀವನದಲ್ಲಿ ಪಲ್ಲವಿಯಂತೆ ಮತ್ತೆ ಮತ್ತೆ ಬರುತ್ತದೆ. 1837ರಲ್ಲಿ ಸೈನಿಕರಿಗೆ ಚಾವಟಿಯೇಟು ಕೊಡುವ ಶಿಕ್ಷೆಯ ಬಗ್ಗೆ ಪುಸ್ತಕ ಬರೆದು ಅದಕ್ಕೆ ಮಿತಿ ಬೇಕೆಂದ.

ನನಗೆ ಇವನು ಮುಖ್ಯನಾಗುವುದು 1839ರಲ್ಲಿ. ಆ ವರ್ಷ ಇಂಗ್ಲೆಂಡಿನ ಉತ್ತರದ ಜಿಲ್ಲೆಗಳಲ್ಲಿ ಚಾರ್ಟಿಸ್ಟ್ ಚಳವಳಿ ಭುಗಿಲೆದ್ದಿತ್ತು. ಕಾರ್ಖಾನೆಯ ಕೂಲಿಗಳು ಮತದ ಹಕ್ಕು ಕೇಳುತ್ತಿದ್ದರು. ಅವರನ್ನು ಹದ್ದುಬಸ್ತಿನಲ್ಲಿಡಲು ಸರ್ಕಾರ ಅಲ್ಲಿಯ ಸೈನ್ಯವನ್ನು ನೇಪಿಯರ್ ಕೈಗೆ ಕೊಟ್ಟಿತು. ಅವನ ಸಹಾನುಭೂತಿಯೋ ಬಹುಪಾಲು ಕೂಲಿಗಳ ಕಡೆಗೇ. ಅವರ ಹಸಿವಿಗೆ ಸರ್ಕಾರವೇ ಕಾರಣ ಎಂದು ಖಾಸಗಿಯಾಗಿ ಬರೆದುಕೊಂಡ. ದಂಗೆ ಎದ್ದರೆ ಏನಾಗುತ್ತದೆಂದು ತಿಳಿಯಲಿ ಎಂದು ಚಾರ್ಟಿಸ್ಟ್ ಮುಖಂಡನೊಬ್ಬನಿಗೆ ಫಿರಂಗಿಗಳ ಕೆಲಸವನ್ನು ತೋರಿಸುವ ಏರ್ಪಾಡು ಮಾಡಿದ. ಸೈನ್ಯವನ್ನು ಚೆಲ್ಲಾಪಿಲ್ಲಿಯಾಗಿ ಬಿಡದೆ ಒಟ್ಟುಗೂಡಿಸಿ ಇಟ್ಟು, ಎಲ್ಲೂ ಗುಂಡು ಹಾರುವ ಸಂದರ್ಭ ಬಾರದಂತೆ ನೋಡಿಕೊಂಡ. ತನ್ನವರು ಎಂದು ತಿಳಿದ ಜನರ ಎದುರು ನಿಂತಾಗ ಈ ಮನುಷ್ಯನಿಗೆ ತಾಳ್ಮೆಯಿತ್ತು, ಬಂದೂಕಿನ ಮೇಲೆ ಹಿಡಿತವಿತ್ತು. ಮೂರೂವರೆ ವರ್ಷದ ನಂತರ ಸಿಂಧೂ ನದಿಯ ದಡದಲ್ಲಿ ಇವೆರಡೂ ಕಾಣುವುದಿಲ್ಲ.

ಭಾರತಕ್ಕೆ ಬರುವಾಗ ಅವನಿಗೆ ಐವತ್ತೊಂಬತ್ತು ವಯಸ್ಸು. ಸಾಲದ ಸಂಬಳ, ಮೈಯೆಲ್ಲ ಹಳೆಯ ಗಾಯ. ಕೆಫಲೋನಿಯಾದ ಗ್ರೀಕ್ ಹೆಂಗಸು ಅನಸ್ತಾಸಿಯಾಳಿಂದ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳಿಗೆ ಏನಾದರೂ ಉಳಿಸಿಡಬೇಕೆಂಬ ಚಿಂತೆ. ತಂದೆಯ ಚಿಂತೆ, ಅದರಲ್ಲಿ ತಪ್ಪಿಲ್ಲ. 1842ರಲ್ಲಿ ಗವರ್ನರ್ ಜನರಲ್ ಎಲೆನ್‌ಬರೋ ಅವನನ್ನು ಸಿಂಧ್‌ಗೆ ಕಳಿಸಿದ. ಆ ವರ್ಷದ ಜನವರಿಯಲ್ಲಷ್ಟೇ ಕಾಬೂಲಿನಿಂದ ಹಿಮ್ಮೆಟ್ಟಿದ ಕಂಪನಿ ಸೈನ್ಯ ಹಿಮದ ಕಣಿವೆಗಳಲ್ಲಿ ನಿರ್ನಾಮವಾಗಿತ್ತು. ಹೋದ ಮರ್ಯಾದೆಯನ್ನು ಎಲ್ಲಾದರೂ ಗಳಿಸಬೇಕಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಈ ಮಾತನ್ನು ಇನ್ನೂ ಒರಟಾಗಿ ಹೇಳಿದವನು ಮುಂಬಯಿಯ ಮಾಜಿ ಗವರ್ನರ್ ಮೌಂಟ್‌ಸ್ಟುಅರ್ಟ್ ಎಲ್ಫಿನ್‌ಸ್ಟನ್: ಬೀದಿಯಲ್ಲಿ ಒದೆ ತಿಂದ ಪುಂಡ ಮನೆಗೆ ಬಂದು ಹೆಂಡತಿಗೆ ಹೊಡೆದಂತೆ ಆಯಿತು ಸಿಂಧ್ ಕತೆ ಎಂದು ಅವನು ಒಂದು ಕಾಗದದಲ್ಲಿ ಬರೆದ. ಎಲ್ಫಿನ್‌ಸ್ಟನ್‌ನನ್ನು ಕನ್ನಡಿಗರು ಮರೆಯುವಂತಿಲ್ಲ. 1824ರಲ್ಲಿ ಕಿತ್ತೂರಿನ ದತ್ತು ಒಪ್ಪದೆ, ಚೆನ್ನಮ್ಮನ ಕೋಟೆಗೆ ಫಿರಂಗಿ ಕಳಿಸಿದ ಕಾಲದ ಗವರ್ನರ್ ಅವನೇ. ಹೆಂಡತಿಗೆ ಹೊಡೆಯುವುದು ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು.

ಸಿಂಧ್ ಆಳುತ್ತಿದ್ದವರು ತಾಲ್ಪುರ್ ಮೀರರು, ಹೈದರಾಬಾದ್, ಖೈರಪುರ, ಮೀರ್‌ಪುರಗಳಲ್ಲಿ ಮೂರು ಮನೆತನ. ಈ ಹೈದರಾಬಾದ್ ಸಿಂಧೂ ತೀರದ್ದು, ನಿಜಾಮನದಲ್ಲ. ನದಿಯಲ್ಲಿ ವ್ಯಾಪಾರಿಗಳು ಓಡಾಡಬಹುದು, ಸೈನ್ಯ ಮತ್ತು ಮದ್ದುಗುಂಡು ಸಾಗಿಸಬಾರದು ಎಂದು 1832ರಲ್ಲಿ ಅವರ ಜೊತೆ ಒಪ್ಪಂದ ಮಾಡಿಕೊಂಡದ್ದು ಕಂಪನಿ. ಆರೇ ವರ್ಷದಲ್ಲಿ ಅಫಘಾನಿಸ್ತಾನಕ್ಕೆ ಹೊರಟ ತನ್ನ ಸೈನ್ಯವನ್ನು ಅದೇ ದಾರಿಯಲ್ಲಿ ನುಗ್ಗಿಸಿದ್ದೂ ಕಂಪನಿ. 1839ರಲ್ಲಿ ಕರಾಚಿಯನ್ನೂ ಕಸಿಯಿತು. ಆಮೇಲೆ ಮೀರರೇ ನಂಬಿಕೆಗೆ ಅರ್ಹರಲ್ಲ ಎಂದು ಹೊಸ ಕರಾರು ಬಂತು: ಇಷ್ಟು ನೆಲ ಬಿಡಿ, ನಾಣ್ಯ ಟಂಕಿಸುವ ಹಕ್ಕು ಬಿಡಿ, ನಮ್ಮ ಉಗಿಹಡಗಿಗೆ ಸೌದೆ ಕೊಡಿ. ಕೋಳಿಯನ್ನು ಕೇಳಿ ಮಸಾಲೆ ಅರೆಯುವವರುಂಟೇ? 1843ರ ಫೆಬ್ರವರಿ 12ರಂದು ಹೈದರಾಬಾದಿನ ಮೀರರು ಸಹಿಯನ್ನೂ ಹಾಕಿದರು. ನೇಪಿಯರ್ ಸೈನ್ಯ ನಿಲ್ಲಲಿಲ್ಲ, ರಾಜಧಾನಿಯತ್ತ ನಡೆಯುತ್ತಲೇ ಇತ್ತು. ಅಲ್ಲಿದ್ದ ಕಂಪನಿಯ ಪ್ರತಿನಿಧಿ ಜೇಮ್ಸ್ ಔಟ್ರಾಮ್ ಮುಂದೆ ಬರಬೇಡಿ ಎಂದು ಕೇಳಿಕೊಂಡದ್ದು ವ್ಯರ್ಥವಾಯಿತು. ಕೆರಳಿದ ಬಲೂಚಿಗಳು 15ರಂದು ಔಟ್ರಾಮ್‌ನ ರೆಸಿಡೆನ್ಸಿಯ ಮೇಲೆ ಬಿದ್ದರು. 17ರಂದು ಮಿಯಾನಿಯಲ್ಲಿ ಯುದ್ಧ. ನೇಪಿಯರ್ ಬಳಿ ಮೂರು ಸಾವಿರಕ್ಕಿಂತ ಕಡಿಮೆ ಜನ. ಅವರಲ್ಲಿ 22ನೆಯ ರೆಜಿಮೆಂಟಿನ ಗೋರರನ್ನು ಬಿಟ್ಟರೆ ಮಿಕ್ಕವರು ಹೆಚ್ಚಾಗಿ ನಮ್ಮದೇ ಸಿಪಾಯಿಗಳು. ಅವನ ಕಡೆ ಸತ್ತವರು, ಗಾಯಗೊಂಡವರು ಸೇರಿ ಸುಮಾರು 250. ಬಲೂಚಿಗಳಲ್ಲಿ ಸತ್ತವರು ಅವನದೇ ಅಂದಾಜಿನಲ್ಲಿ ಐದು ಸಾವಿರಕ್ಕೂ ಮೇಲೆ. ಮಾರ್ಚ್ 24ರಂದು ದಬ್ಬೋದಲ್ಲಿ ಎರಡನೆಯ ಯುದ್ಧ. ಆಫ್ರಿಕಾ ಮೂಲದ ಸೇನಾನಿ ಹೋಶ್ ಮಹಮ್ಮದ್ ಶೀದಿ ಅಲ್ಲಿ ಬಿದ್ದ. ಸತ್ತರೂ ಸಿಂಧ್ ಕೊಡೆವು ಎಂಬ ಅವನ ಘೋಷ ಸಿಂಧಿಗಳ ಬಾಯಲ್ಲಿ ಇವತ್ತಿಗೂ ಇದೆ. ಸೋತ ಮೀರರನ್ನು ಮುಂಬಯಿ, ಪುಣೆ, ಕಲ್ಕತ್ತಗಳ ಕಡೆ ಗಡಿಪಾರು ಮಾಡಿದರು.

ಇಷ್ಟನ್ನು ವಸಾಹತುಶಾಹಿಯ ಮಾಮೂಲಿ ಅಧ್ಯಾಯ ಎಂದು ದಾಟಿಹೋಗಬಹುದು. ಕೊಡಗಿನಲ್ಲಿ 1834ರಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. ರಾಜ ಕ್ರೂರಿ, ಪ್ರಜೆಗಳೇ ನಮ್ಮನ್ನು ಬಯಸಿದ್ದಾರೆ ಎಂಬ ಘೋಷಣೆ, ಆಮೇಲೆ ರಾಜನ ಗಡಿಪಾರು. ಆದರೆ ನೇಪಿಯರ್ ಮಾಮೂಲಿ ಜನರಲ್ ಅಲ್ಲ, ಅದೇ ಇಲ್ಲಿಯ ತೊಡಕು. ಯುದ್ಧಕ್ಕೆ ಮುಂಚೆಯೇ ತನ್ನ ದಿನಚರಿಯಲ್ಲಿ ಅವನು ಬರೆದುಕೊಂಡಿದ್ದ: ಸಿಂಧ್ ಹಿಡಿಯಲು ನಮಗೆ ಯಾವ ಹಕ್ಕೂ ಇಲ್ಲ, ಆದರೂ ಹಿಡಿಯುತ್ತೇವೆ, ಅದು ಲಾಭದ, ಉಪಯೋಗದ, ಜನಹಿತದ ಪುಂಡಾಟವೇ ಆಗಿರುತ್ತದೆ, ಎಂಬ ಧಾಟಿಯಲ್ಲಿ. ಭಾರತವನ್ನು ಗೆದ್ದದ್ದು ಹಣಕ್ಕಾಗಿ ಎಂದೂ ಬರೆದವನು ಅವನು. ಈ ಬರಹಗಳನ್ನು 1857ರಲ್ಲಿ ಅಚ್ಚು ಮಾಡಿದವನು ಶತ್ರುವಲ್ಲ, ಅದೇ ತಮ್ಮ ವಿಲಿಯಂ. 'ಪೆಕ್ಕಾವಿ' ಎಂದು ಅವನು ಹೇಳಲಿಲ್ಲ ನಿಜ, ಆದರೆ ಪಾಪ ಎಂದು ತಿಳಿದೇ ಮಾಡಿದ. ಹೇಳದ ಮಾತನ್ನು ನಾವು ಬಾಯಿಪಾಠ ಮಾಡಿದ್ದೇವೆ, ಬರೆದ ಮಾತನ್ನು ಓದಲಿಲ್ಲ.

ಗೆದ್ದ ಕೊಳ್ಳೆಯಲ್ಲಿ ಅವನ ಪಾಲಿಗೆ ಬಂದದ್ದು ಸುಮಾರು 70,000 ಪೌಂಡ್. ಹೆಣ್ಣುಮಕ್ಕಳ ಚಿಂತೆ ತೀರಿತು. ಔಟ್ರಾಮ್ ತನ್ನ ಪಾಲನ್ನು ತಾನು ಇಟ್ಟುಕೊಳ್ಳಲು ಒಪ್ಪದೆ ದಾನಕ್ಕೆ ಕೊಟ್ಟ, ಸಿಂಧ್ ಯುದ್ಧ ಅನ್ಯಾಯದ್ದೆಂದು ಪುಸ್ತಕ ಬರೆದ. ಅಣ್ಣತಮ್ಮಂದಿರು ಅವನ ಮೇಲೆ ವರ್ಷಗಟ್ಟಲೆ ಕಾಗದದ ಯುದ್ಧ ಹೂಡಿದರು. ಔಟ್ರಾಮ್‌ನನ್ನು ಸಂತನೆಂದು ಪೂಜಿಸಲೂ ನಾನು ತಯಾರಿಲ್ಲ. 1856ರಲ್ಲಿ ಅವಧ್ ನುಂಗಿದಾಗ ಅಲ್ಲಿದ್ದ ರೆಸಿಡೆಂಟ್ ಅವನೇ.

ನೇಪಿಯರ್ ಸಿಂಧ್‌ನಲ್ಲಿ ಒಳ್ಳೆಯದನ್ನೇನೂ ಮಾಡಲಿಲ್ಲವೇ? ಮಾಡಿದ. ರಾಜಧಾನಿಯನ್ನು ಕರಾಚಿಗೆ ತಂದು ಬಂದರಿನ ಕೆಲಸ ಶುರುಮಾಡಿದ. ಹೆಂಡತಿಯನ್ನು ಕೊಂದು ಮಾನದ ನೆಪ ಹೇಳುತ್ತಿದ್ದ ಗಂಡಸರನ್ನು ಕೊಲೆಗಾರರೆಂದೇ ನಡೆಸಿಕೊಂಡ. ಐರ್ಲೆಂಡಿನ ಮಾದರಿಯ ಪೊಲೀಸ್ ಪಡೆ ಕಟ್ಟಿದ, ಅದೇ ಆಮೇಲೆ ಬ್ರಿಟಿಷ್ ಭಾರತದ ಉಳಿದ ಕಡೆಗೂ ಮಾದರಿಯಾಯಿತು. ಐರ್ಲೆಂಡಿನ ಮಾದರಿ ಎಂದರೆ ಏನೆಂದು ಗೊತ್ತಿರಬೇಕು. ಜನರಿಗೆ ಜವಾಬು ಕೊಡಬೇಕಿಲ್ಲದ, ಬಂದೂಕು ಹಿಡಿದ, ಸರ್ಕಾರದ ಪೊಲೀಸ್. 1847ರಲ್ಲಿ ನೇಪಿಯರ್ ಹೊರಟ ಮೇಲೆ ಸಿಂಧ್ ಮುಂಬಯಿ ಪ್ರಾಂತಕ್ಕೆ ಸೇರಿತು, 1936ರವರೆಗೂ ಅಲ್ಲೇ ಇತ್ತು. ಧಾರವಾಡದವರೂ ಕರಾಚಿಯವರೂ ಅಷ್ಟು ಕಾಲ ಒಬ್ಬನೇ ಗವರ್ನರನ ಕೆಳಗಿದ್ದರು.

ನನ್ನ ವಿರೋಧಕ್ಕೆ ಎದುರಾಗುವ ಪ್ರಶ್ನೆ ಗೊತ್ತು. ಯಾರ ಬಾಯಿಂದ ಬಂದರೇನು, ಮಾತು ಸರಿಯಲ್ಲವೇ? ಹೆಂಗಸರನ್ನು ಸುಡುವವರಿಗೆ ಶಿಕ್ಷೆಯಾಗಬೇಡವೇ? ಆಗಬೇಕು. ಅದನ್ನು ಹೇಳಲು ಭಾರತದ ಕಾನೂನು ಸಾಕು, ನೇಪಿಯರ್ ಬೇಕಿಲ್ಲ. ನೇಪಿಯರ್‌ನನ್ನು ಕರೆತಂದಾಗ ಅವನ ಜೊತೆ ಬೇರೇನೋ ಒಳಗೆ ನುಸುಳುತ್ತದೆ. ಆ ಕತೆಯಲ್ಲಿ ಎರಡೇ ಕಡೆ: ಸುಡುವ ನಾಡು, ಗಲ್ಲಿಗೇರಿಸುವ ಜನರಲ್. ನಡುವೆ ಯಾರೂ ಇಲ್ಲ. ಆ ನಾಡಿನ ಒಳಗೇ ಬೇಡ ಎಂದವರು ಒಬ್ಬರೂ ಇರಲಿಲ್ಲ ಎಂಬಂತೆ.

ಇದ್ದರು. ನಮ್ಮಲ್ಲೇ ಇದ್ದರು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನವೊಂದಿದೆ. ಗಂಡ ಸತ್ತ ಸುದ್ದಿ ಕೇಳಿ ಬೆಂಕಿಗೆ ಹೊರಟ ದೇಕಬ್ಬೆಯ ಶಾಸನ ಅದು. ಕಲ್ಲು ಅವಳ ಹೆಸರು ಹೇಳುತ್ತದೆ. ಬೇಡ ಮಗಳೇ ಎಂದು ತಡೆದ ತಾಯಿತಂದೆಯರನ್ನೂ ನೆಂಟರನ್ನೂ ನೆನೆಯುತ್ತದೆ. ಶಾಸನ ಕಡೆಗೆ ಅವಳ ಹಟವನ್ನೇ ಕೊಂಡಾಡುತ್ತದೆ, ಆ ಕೊಂಡಾಟವನ್ನು ನಾನು ಒಪ್ಪುವುದಿಲ್ಲ. ಆದರೆ ಕೊಂಡಾಡುವ ಕವಿಗೂ ಹೆತ್ತವರ ಅಳುವನ್ನು ಮುಚ್ಚಿಡಲು ಆಗಲಿಲ್ಲ. ಊರೂರ ಮಾಸ್ತಿಕಲ್ಲುಗಳಲ್ಲಿ ಬಳೆ ತೊಟ್ಟ ಆ ಎತ್ತಿದ ಕೈ ನೋಡಿದಾಗಲೆಲ್ಲ, ಕಲ್ಲು ಕಡೆಯದೆ ಬಿಟ್ಟ ಇಂಥ ಅಪ್ಪ ಅಮ್ಮ ಎಷ್ಟು ಜನವೋ ಎನ್ನಿಸುತ್ತದೆ. ವಿಲಿಯಂ ನೇಪಿಯರ್‌ನ ಪುಸ್ತಕದ ಕತೆಯಲ್ಲಿ ಹೆಣ್ಣು ಹೆತ್ತವರಿಗೆ ಜಾಗವಿಲ್ಲ.

ಇನ್ನೊಂದು ನುಸುಳುವಿಕೆ ಇನ್ನೂ ಅಪಾಯದ್ದು. ನ್ಯಾಯ ಎಂದರೆ ಒಬ್ಬ ಗಟ್ಟಿಗ, ಒಂದು ಖಡಕ್ ಮಾತು, ಒಂದು ಗಲ್ಲುಗಂಬ, ಅಷ್ಟಿದ್ದರೆ ಸಾಕು ಎಂಬ ಭ್ರಮೆ. ವಿಚಾರಣೆ ಬೇಡ, ಸಾಕ್ಷಿ ಬೇಡ, ವಕೀಲ ಬೇಡ. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟುವುದು ಬಹುಶಃ ಸತಿಯ ವಿರುದ್ಧ ಅಲ್ಲ, ಈ ಖಡಕ್‌ತನಕ್ಕೆ. ಎನ್‌ಕೌಂಟರ್ ಸುದ್ದಿಗೆ, ಬುಲ್ಡೋಜರ್ ಸುದ್ದಿಗೆ ಬೀಳುವ ಚಪ್ಪಾಳೆಯ ಸದ್ದು ಇದಕ್ಕಿಂತ ಬೇರೆಯಲ್ಲ. ಹಕ್ಕಿಲ್ಲ, ಆದರೂ ಮಾಡುತ್ತೇವೆ, ಜನಹಿತಕ್ಕಾಗಿ ಎಂಬ ನೇಪಿಯರ್‌ನ ದಿನಚರಿಯ ತರ್ಕವೇ ಅಲ್ಲೂ ಇರುವುದು.

1987ರ ಸೆಪ್ಟೆಂಬರ್ 4ರಂದು ರಾಜಸ್ಥಾನದ ದೇವರಾಲಾದಲ್ಲಿ ಹದಿನೆಂಟು ವರ್ಷದ ರೂಪ್ ಕಂವರ್ ಗಂಡನ ಚಿತೆಯಲ್ಲಿ ಸತ್ತಳು. ನೋಡಲು ಊರೇ ಸೇರಿತ್ತು. ಆಮೇಲೆ ಚುನರಿ ಉತ್ಸವಕ್ಕೆ ಸಾವಿರ ಸಾವಿರ ಜನ ಬಂದರು. ಜೈಪುರದ ಮಹಿಳಾ ಸಂಘಟನೆಗಳು ಬೀದಿಗಿಳಿದವು, ನ್ಯಾಯಾಲಯದ ಬಾಗಿಲು ತಟ್ಟಿದವು. ಅದೇ ವರ್ಷ ಸತಿಯನ್ನೂ ಅದರ ವೈಭವೀಕರಣವನ್ನೂ ಶಿಕ್ಷಿಸುವ ಹೊಸ ಕೇಂದ್ರ ಕಾಯ್ದೆ ಬಂತು, ಮರಣದಂಡನೆಯ ಅವಕಾಶವನ್ನೂ ಇಟ್ಟುಕೊಂಡು. ಅಂದರೆ ಗಲ್ಲುಗಂಬ ಕಾಯ್ದೆಯಲ್ಲಿತ್ತು. 1996ರಲ್ಲಿ ಕೊಲೆಯ ಆರೋಪಿಗಳೆಲ್ಲ ಖುಲಾಸೆಯಾದರು. ವೈಭವೀಕರಣದ ಮೊಕದ್ದಮೆ ಮೂವತ್ತೇಳು ವರ್ಷ ಎಳೆದು, 2024ರ ಅಕ್ಟೋಬರಿನಲ್ಲಿ ಜೈಪುರದ ವಿಶೇಷ ನ್ಯಾಯಾಲಯ ಉಳಿದ ಎಂಟು ಮಂದಿಯನ್ನೂ ಬಿಟ್ಟಿತು. ಸಾಕ್ಷಿ ಸಾಲಲಿಲ್ಲ. ಊರಿಗೆ ಊರೇ ನೋಡಿದ ಸಾವಿಗೆ ನೋಡಿದೆ ಎಂದು ಹೇಳುವವರು ಸಿಕ್ಕಲಿಲ್ಲ. ಮುಂದಿನ ಸಲ ಚರ್ಚಾಸ್ಪರ್ಧೆಯಲ್ಲಿ ಯಾರಾದರೂ ನೇಪಿಯರ್‌ನನ್ನು ಕರೆತಂದರೆ ನಾನು ಅಂಕ ಕಡಿಮೆ ಮಾಡುವುದಿಲ್ಲ. ದೇವರಾಲಾದಲ್ಲಿ ಆ ದಿನ ಊರಿನವರಲ್ಲಿ ಒಬ್ಬರಾದರೂ ಬಾಯಿಬಿಡುವಂತೆ ಮಾಡಲು ಅವನ ಬಡಗಿಗಳು ಏನು ಮಾಡಬಹುದಿತ್ತು ಎಂದು ಮಾತ್ರ ಕೇಳುತ್ತೇನೆ.